ಗಿಟಾರಿಗೆ ತಕ್ಕ ಕುರ್ಚಿ, ಕಾಲಿಗೆ ತಕ್ಕ ನೆಲ

ಗಿಟಾರ್ ಕಲಿಯಬೇಕೆಂದು ನನ್ನಲ್ಲಿಗೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾವ ಗಿಟಾರ್ ಕೊಳ್ಳಬೇಕು? ನೈಲಾನ್ ತಂತಿಯದೋ, ಉಕ್ಕಿನ ತಂತಿಯದೋ? ಮೊದಮೊದಲು ಬೆರಳು ನೋಯುತ್ತದಂತೆ, ಹೌದೇ? ಒಂದು ಹಾಡು ನುಡಿಸಲು ಎಷ್ಟು ತಿಂಗಳು ಬೇಕು? ಇವಕ್ಕೆಲ್ಲ ಖುಷಿಯಿಂದಲೇ ಉತ್ತರ ಹೇಳುತ್ತೇನೆ. ಆದರೆ ‘ಮನೆಯಲ್ಲಿ ಎಲ್ಲಿ ಕೂತು ನುಡಿಸಬೇಕು?’ ಎಂದು ತಾವಾಗಿ ಕೇಳುವವರು ತೀರಾ ಅಪರೂಪ.

ಮೈಸೂರಿನಲ್ಲಿ ಮನೆಯಲ್ಲೇ ಗಿಟಾರ್ ಪಾಠ ಹೇಳುವುದು ನನ್ನ ಕೆಲಸ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಬೆಳಗ್ಗೆ ಹತ್ತು ಗಂಟೆಗೆ, ಕೆಲಸದಿಂದ ನಿವೃತ್ತರಾಗಿ ‘ಈಗಲಾದರೂ ಕಲಿಯೋಣ’ ಎಂದು ಹೊರಟ ಅಜ್ಜ ಅಜ್ಜಿಯರು ಬರುತ್ತಾರೆ. ಎಂಟು ವರ್ಷದವರಿಂದ ಎಪ್ಪತ್ತರ ಆಸುಪಾಸಿನವರವರೆಗೆ ಎಲ್ಲರ ಬೆನ್ನನ್ನೂ ಬಹಳ ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಗಿಟಾರ್ ಬಿಟ್ಟುಬಿಡುವವರಲ್ಲಿ ಅನೇಕರಿಗೆ ಬೆರಳಿನ ನೋವು ಕಾರಣವಲ್ಲ. ಬೆರಳ ತುದಿ ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ. ಬೆನ್ನು, ಭುಜ, ಕತ್ತು ಹಾಗಲ್ಲ. ಅವು ದಿನದಿನವೂ ನೋಯುತ್ತಾ ಹೋದರೆ ಗಿಟಾರನ್ನು ಚೀಲದಿಂದ ಹೊರತೆಗೆಯುವ ಮನಸ್ಸೇ ಬರುವುದಿಲ್ಲ. ಒಂದು ದಿನ ಆ ಚೀಲ ಅಟ್ಟ ಸೇರುತ್ತದೆ.

ಅದಕ್ಕೇ ಇವತ್ತು ಕುರ್ಚಿಯ ವಿಷಯ. ಮಕ್ಕಳೇ, ಇದನ್ನು ಅಜ್ಜ ಅಜ್ಜಿಯ ಜೊತೆ ಕೂತು ಓದಿ. ಇದರಲ್ಲಿ ಇಬ್ಬರಿಗೂ ಕೆಲಸವಿದೆ.

ವಾದ್ಯಕ್ಕೊಂದು ಕೂರುವ ರೀತಿ

ನಮ್ಮ ಸಂಗೀತದಲ್ಲಿ ಕುರ್ಚಿಯ ಮಾತೇ ಇರಲಿಲ್ಲ. ವೀಣೆಗೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ಅದರ ಸೋರೆಬುರುಡೆ ಎಡತೊಡೆಯ ಮೇಲೆ ಕೂರುತ್ತದೆ. ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಅಲ್ಲಿ ಅದನ್ನು ನಿಂತು ಅಥವಾ ಕುರ್ಚಿಯಲ್ಲಿ ಕೂತು ನುಡಿಸುತ್ತಾರೆ. ನಮ್ಮವರು ಅದನ್ನು ನೆಲಕ್ಕೆ ಇಳಿಸಿ, ತುದಿಯನ್ನು ಬಲಪಾದದ ಬಳಿ ಊರಿ, ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ನಮ್ಮ ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ಹೆಸರಾದರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ನೋಡಿಲ್ಲದ ಮಕ್ಕಳು ಒಮ್ಮೆ ನೋಡಿ ಬನ್ನಿ.

ಗಿಟಾರನ್ನೂ ನೆಲಕ್ಕೆ ಇಳಿಸಿದವರಿದ್ದಾರೆ. ಪಂಡಿತ್ ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ‘ಮೋಹನ ವೀಣೆ’ ಮಾಡಿಕೊಂಡರು. ನೆಲದ ಮೇಲೆ ಕೂತು, ವಾದ್ಯವನ್ನು ಮಡಿಲಲ್ಲಿ ಅಡ್ಡಡ್ಡ ಮಲಗಿಸಿ, ತಂತಿಗಳ ಮೇಲೆ ಕಬ್ಬಿಣದ ಸಲಾಕೆ ಜಾರಿಸಿ ನುಡಿಸುತ್ತಾರೆ. ಆ ವಾದನಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ ಅಲ್ಲಿ ಕೂರುವ ರೀತಿಯ ಜೊತೆಗೆ ವಾದ್ಯವನ್ನು ಹಿಡಿಯುವ ರೀತಿಯೂ ಬೇರೆಯಾಯಿತು.

ನಮ್ಮ ಮಕ್ಕಳು ಕಲಿಯುವ ಮಾಮೂಲಿ ಗಿಟಾರಿನ ಕಥೆ ಬೇರೆ. ಅದರ ಆಕಾರ ನೋಡಿ. ನಡುವೆ ಸೊಂಟದಂತೆ ಒಂದು ಬಳುಕು ಇದೆಯಲ್ಲ, ಅದು ತೊಡೆಯ ಮೇಲೆ ಕೂರುತ್ತದೆ. ತೊಡೆ ಸಮನಾಗಿ, ಅಲುಗದೆ ಇದ್ದರೆ ಗಿಟಾರೂ ಅಲುಗದೆ ಇರುತ್ತದೆ. ತೊಡೆ ಇಳಿಜಾರಾದರೆ ಗಿಟಾರ್ ಜಾರುತ್ತದೆ. ಜಾರದಂತೆ ತಡೆಯಲು ಎಡಗೈ ಅದರ ಕತ್ತನ್ನು ಹಿಡಿದುಕೊಳ್ಳುತ್ತದೆ. ತಂತಿ ಒತ್ತಬೇಕಾದ ಕೈ ಹೀಗೆ ವಾದ್ಯ ಹೊರುವ ಕೂಲಿಯಾಗುತ್ತದೆ. ಭುಜ ಮೇಲೇರುತ್ತದೆ, ಕತ್ತು ಬಗ್ಗುತ್ತದೆ, ಬೆನ್ನು ಗೂನಾಗುತ್ತದೆ. ಇದೆಲ್ಲದರ ಬುಡದಲ್ಲಿರುವುದು ಕುರ್ಚಿ.

‘ಕುಣಿಯಲಾರದವಳು...’

ನನ್ನ ಹತ್ತಿರ ಪಾಠಕ್ಕೆ ಬರುವ ಹತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಜಾಣೆ. ಕಿವಿ ಚೆನ್ನಾಗಿದೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಅವಳನ್ನು ಕರೆತರುವುದು, ಮನೆಯಲ್ಲಿ ಅಭ್ಯಾಸಕ್ಕೆ ಕೂರಿಸುವುದು ತಾತನ ಜವಾಬ್ದಾರಿ. ಪಾಠದಲ್ಲಿ ಸರಿಯಾಗಿ ನುಡಿಸುವವಳು ಮನೆಯಲ್ಲಿ ಹತ್ತು ನಿಮಿಷಕ್ಕೇ ‘ಬೆನ್ನು ನೋವು’ ಎಂದು ಎದ್ದುಬಿಡುತ್ತಾಳೆಂದು ತಾತ ಒಂದು ಸಂಜೆ ದೂರು ತಂದರು.

“ನೋಡಿ ಮೇಷ್ಟ್ರೇ, ಮೂರು ತಿಂಗಳಾಯ್ತು. ದಿನಾ ಇದೇ ರಾಗ. ಒಂದಿನ ಬೆನ್ನು, ಇನ್ನೊಂದಿನ ಭುಜ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಯ್ತು ಇವಳ ಕಥೆ. ಇವಳಪ್ಪ, ಗಿಟಾರ್ ಮಾರಿಬಿಡೋಣ ಅಂತಿದ್ದಾನೆ.”

ಹುಡುಗಿಯ ಕಣ್ಣಲ್ಲಿ ಆಗಲೇ ನೀರು. “ನಾನು ಸುಳ್ಳು ಹೇಳ್ತಿಲ್ಲ ಸರ್, ನಿಜವಾಗ್ಲೂ ನೋಯತ್ತೆ” ಎಂದಳು.

ಗಿಟಾರ್ ದೊಡ್ಡದಾಯಿತೇ ಎಂದು ತಾತನಿಗೆ ಅನುಮಾನ. ಇರಲಿಲ್ಲ. ಅವಳದ್ದು ಮುಕ್ಕಾಲು ಅಳತೆಯ ಗಿಟಾರ್. ಅವಳ ತೋಳಿಗೆ ಸರಿಯಾಗಿತ್ತು. ನನ್ನ ಪಾಠದ ಕೋಣೆಯಲ್ಲಿ ಮಕ್ಕಳಿಗೆಂದೇ ಇಟ್ಟ ಗಿಡ್ಡ ಸ್ಟೂಲಿನ ಮೇಲೆ ಕೂತಾಗ ಅವಳಿಗೆ ನೋವಿರಲಿಲ್ಲ. ಮನೆಯಲ್ಲಿ ಮಾತ್ರ ನೋವು ಎಂದಾದರೆ ನೋಡಬೇಕಾದದ್ದು ಮನೆಯನ್ನು. “ನಾಳೆ ನಾನೇ ಬರ್ತೀನಿ ಯಜಮಾನ್ರೇ” ಎಂದೆ.

ಮರುದಿನ ಹೋಗಿ, “ದಿನಾ ಹೇಗೆ ಕೂರ್ತೀಯೋ ಹಾಗೇ ಕೂತ್ಕೋ” ಎಂದೆ. ಅವಳು ಮೊದಲು ಸೋಫಾದಲ್ಲಿ ಕೂತಳು. ಸೋಫಾ ಅವಳನ್ನು ಅರ್ಧ ನುಂಗಿತು. ಮೊಣಕಾಲು ಎದೆಯತ್ತ ಬಂತು, ಬೆನ್ನು ಬಿಲ್ಲಿನಂತೆ ಬಾಗಿತು. ಸೋಫಾ ಬೇಡವೆಂದಾಗ ಕೂರುವುದು ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅಲ್ಲಿ ಗಿಟಾರಿನ ಕೆಳಭಾಗ ಕುರ್ಚಿಯ ಬಲಗೈಗೆ ಬಡಿಯುತ್ತಿತ್ತು. ತಪ್ಪಿಸಿಕೊಳ್ಳಲು ಅವಳು ಎಡಕ್ಕೆ ತಿರುಚಿಕೊಂಡು ಕೂರುತ್ತಿದ್ದಳು. ಮೂರನೆಯದು ಊಟದ ಮೇಜಿನ ಕುರ್ಚಿ. ಕೈಯಿಲ್ಲ, ಆಸನ ಸಮತಟ್ಟು, ಗಟ್ಟಿ. ಒಳ್ಳೆಯ ಕುರ್ಚಿಯೇ. ಆದರೆ ಅವಳ ಕಾಲು ನೆಲಕ್ಕೆ ಎಟುಕದೆ ಗಾಳಿಯಲ್ಲಿ ಜೋಲಾಡುತ್ತಿತ್ತು.

ಜೇಬಿನಿಂದ ಟೇಪು ತೆಗೆದೆ. ಅವಳ ಅಂಗಾಲಿನಿಂದ ಮೊಣಕಾಲ ಹಿಂದಿನ ಗುಳಿಯವರೆಗೆ 14 ಇಂಚು. ಕುರ್ಚಿಯ ಎತ್ತರ ಹದಿನೇಳೂವರೆ ಇಂಚು. ತಾತನಿಗೆ ಟೇಪು ತೋರಿಸಿ, “ಈ ಸಲ ನೆಲ ನಿಜವಾಗಿಯೂ ಡೊಂಕಾಗಿದೆ ಯಜಮಾನ್ರೇ. ಮೂರೂವರೆ ಇಂಚು” ಎಂದೆ.

ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಟ್ಟದ ಮೇಲೆ ನಮ್ಮಪ್ಪನ ಕಾಲದ ತೇಗದ ಕುರ್ಚಿ ಒಂದಿದೆ. ಕೈಯಿಲ್ಲ. ಬಡಗಿ ಕರೆಸಿ ಅದರ ಕಾಲು ಕತ್ತರಿಸ್ಲಾ?” ಎಂದು ಕೇಳಿದರು. ಕೇಳುವಾಗಿನ ಅವರ ದನಿಯಲ್ಲೇ ಗೊತ್ತಾಗುತ್ತಿತ್ತು, ಆ ಕುರ್ಚಿಯನ್ನು ಕತ್ತರಿಸಲು ಅವರಿಗೆ ಎಷ್ಟು ಸಂಕಟವೆಂದು. ಮೊಮ್ಮಗಳಿಗಾಗಿ ಅದಕ್ಕೂ ತಯಾರಾಗಿದ್ದರು.

“ಬೇಡ. ಮಕ್ಕಳು ಬೆಳೀತಾರೆ, ಕತ್ತರಿಸಿದ ಕುರ್ಚಿ ಬೆಳೆಯಲ್ಲ. ಕುರ್ಚಿ ಹಾಗೇ ಇರಲಿ, ನೆಲ ಎತ್ತೋಣ” ಎಂದೆ.

ಅಡುಗೆಮನೆಯಲ್ಲಿ ಹಬ್ಬದ ಊಟಕ್ಕೆ ಬಳಸುವ ಮಣೆಗಳಿದ್ದವು. ಅಗಲವಾದ ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟು ಅಳೆದರೆ ಹೆಚ್ಚುಕಡಿಮೆ ಮೂರೂವರೆ ಇಂಚು! ಜಾರದಂತೆ ಅಡಿಗೊಂದು, ನಡುವೊಂದು ರಬ್ಬರ್ ಚಾಪೆಯ ತುಂಡು ಹಾಕಿ, ಎರಡನ್ನೂ ಬಿಗಿಯಾಗಿ ಕಟ್ಟಿದೆವು. ಹುಡುಗಿ ಊಟದ ಮೇಜಿನ ಕುರ್ಚಿಯ ಮುಂದಿನ ಅರ್ಧದಲ್ಲಿ ಕೂತು, ಎರಡೂ ಪಾದವನ್ನು ಮಣೆಯ ಮೇಲಿಟ್ಟಳು. ಬೆನ್ನು ತಾನಾಗಿ ನೆಟ್ಟಗಾಯಿತು. ನಾನು ‘ನೆಟ್ಟಗೆ ಕೂರು’ ಎಂದು ಹೇಳಲೇ ಇಲ್ಲ.

ನೋವು ಅದೇ ದಿನ ಮಾಯವಾಯಿತು ಎಂದೇನೂ ಹೇಳುವುದಿಲ್ಲ. ಮೂರು ತಿಂಗಳ ಅಭ್ಯಾಸ ಬಿಟ್ಟುಹೋಗಲು ಕೆಲವು ವಾರ ಬೇಕಾಯಿತು. ನಡುನಡುವೆ ಮತ್ತೆ ಸೋಫಾಕ್ಕೆ ಓಡುತ್ತಿದ್ದಳಂತೆ. ಆದರೆ ಹತ್ತು ನಿಮಿಷದ ಅಭ್ಯಾಸ ಇಪ್ಪತ್ತಾಯಿತು. ಗಿಟಾರ್ ಮಾರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಬೆನ್ನು ಬಾಗುವುದೇಕೆ?

ಮಕ್ಕಳೇ, ಗಟ್ಟಿಯಾದ ಸ್ಟೂಲಿನ ಮೇಲೆ ಕೂತು, ಅಂಗೈಯನ್ನು ಕುಂಡಿಯ ಕೆಳಗೆ ತೂರಿಸಿ ನೋಡಿ. ಎರಡು ಗಟ್ಟಿ ಮೂಳೆಗಳು ಕೈಗೆ ಸಿಗುತ್ತವೆ. ಕೂತಾಗ ನಮ್ಮ ಮೈಭಾರ ಬಹುಪಾಲು ಬೀಳುವುದು ಅವುಗಳ ಮೇಲೆ. ಭಾರ ನೇರವಾಗಿ ಅವುಗಳ ಮೇಲೆ ಬಿದ್ದರೆ ಸೊಂಟ ನೆಟ್ಟಗಿರುತ್ತದೆ, ಅದರ ಮೇಲೆ ಬೆನ್ನುಮೂಳೆ ತನ್ನ ಸಹಜ ಬಾಗಿನಲ್ಲಿ ನಿಲ್ಲುತ್ತದೆ.

ಈಗ ಎರಡೂ ಮೊಣಕಾಲನ್ನು ಎದೆಯತ್ತ ಎತ್ತಿ. ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ. ತೀರಾ ತಗ್ಗಿನ ಕುರ್ಚಿ, ಕುಸಿಯುವ ಸೋಫಾ ಮಾಡುವುದು ಇದನ್ನೇ. ಕುರ್ಚಿ ತೀರಾ ಎತ್ತರವಾದರೆ ಕಾಲು ಜೋತು ಬೀಳುತ್ತದೆ. ಆಸನದ ಅಂಚು ತೊಡೆಯ ಹಿಂಭಾಗವನ್ನು ಒತ್ತಿ ಜೋಮು ಹಿಡಿಯುತ್ತದೆ. ಆಸರೆ ಸಿಗದೆ ಮಗು ಹಿಂದಕ್ಕೆ ಜಾರಿ ಒರಗುತ್ತದೆ.

ಡೆನ್ಮಾರ್ಕಿನಲ್ಲಿ ಎ. ಸಿ. ಮಂಡಾಲ್ ಎಂಬ ಶಸ್ತ್ರವೈದ್ಯರಿದ್ದರು. ಶಾಲೆಯ ಮಕ್ಕಳು ಬರೆಯುವಾಗ ಕುರ್ಚಿಯನ್ನು ಮುಂದಕ್ಕೆ ವಾಲಿಸಿ, ಮುಂದಿನ ಎರಡು ಕಾಲಿನ ಮೇಲೆ ನಿಲ್ಲಿಸಿಕೊಂಡು ಕೂರುವುದನ್ನು ಅವರು ಗಮನಿಸಿದರು. ಟೀಚರುಗಳು ಅದನ್ನು ತುಂಟಾಟ ಎನ್ನುತ್ತಿದ್ದರು. ಮಂಡಾಲ್ ಹಾಗೆ ಎಣಿಸಲಿಲ್ಲ. ತಗ್ಗಾದ, ಹಿಂದಕ್ಕೆ ಇಳಿಜಾರಾದ ಕುರ್ಚಿಯಲ್ಲಿ ನೋಯುವ ಬೆನ್ನು ತನಗೆ ಬೇಕಾದದ್ದನ್ನು ಹೀಗೆ ಹುಡುಕಿಕೊಳ್ಳುತ್ತಿದೆ ಎಂದುಕೊಂಡರು. ಆಸನ ಸ್ವಲ್ಪ ಎತ್ತರವಾಗಿ, ಸ್ವಲ್ಪ ಮುಂದಕ್ಕೆ ಇಳಿಜಾರಾಗಿರಬೇಕೆಂದು 1970ರ ದಶಕದಿಂದ ವಾದಿಸುತ್ತಾ ಬಂದರು. ಹಾಗೆಂದು ನೀವು ತರಗತಿಯಲ್ಲಿ ಕುರ್ಚಿ ವಾಲಿಸಬೇಡಿ, ಬಿದ್ದು ಹಲ್ಲು ಮುರಿದುಕೊಂಡೀರಿ! ತಿಳಿಯಬೇಕಾದದ್ದು ಇಷ್ಟೆ: ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು. ಸಮನಾಗಿರಲಿ, ಇಲ್ಲವೇ ಒಂದಿಷ್ಟು ಕೆಳಗಿರಲಿ.

ಎಂಥ ಕುರ್ಚಿ ಬೇಕು?

ಎತ್ತರವೇ ಎಲ್ಲಕ್ಕಿಂತ ಮುಖ್ಯ. ಅಂಗಾಲಿನಿಂದ ಮೊಣಕಾಲ ಹಿಂದಿನ ಗುಳಿಯವರೆಗೆ ಅಳೆಯಿರಿ. ಬರಿಗಾಲಲ್ಲಿ ನುಡಿಸುವವರು ಬರಿಗಾಲಲ್ಲೇ ಅಳೆಯಬೇಕು. ಆಸನದ ಎತ್ತರ ಅಷ್ಟೇ ಇರಲಿ, ಅಥವಾ ಒಂದು ಇಂಚು ಹೆಚ್ಚಿರಲಿ. ಊಟದ ಮೇಜಿನ ಕುರ್ಚಿಗಳು ಸಾಮಾನ್ಯವಾಗಿ 17ರಿಂದ 18 ಇಂಚು ಎತ್ತರ ಇರುತ್ತವೆ. ಸಾಧಾರಣ ಎತ್ತರದ ದೊಡ್ಡವರಿಗೆ ಅದು ಸಾಕು. ಗಿಡ್ಡ ಇರುವವರಿಗೂ ಮಕ್ಕಳಿಗೂ ಕಾಲಡಿಗೆ ಏನಾದರೂ ಬೇಕು.

ಎರಡನೆಯದು, ಕುರ್ಚಿಗೆ ಕೈ ಇರಕೂಡದು. ಬಲಮೊಣಕೈ ಹಿಂದೆ ಮುಂದೆ ಓಡಾಡಬೇಕು, ಗಿಟಾರಿನ ಹೊಟ್ಟೆಗೆ ಜಾಗ ಬೇಕು.

ಮೂರನೆಯದು, ಆಸನ ಗಟ್ಟಿಯಾಗಿ ಸಮತಟ್ಟಾಗಿರಲಿ. ಗಟ್ಟಿ ಎಂದರೆ ಕಲ್ಲಿನಂತೆ ಒತ್ತಬೇಕಿಲ್ಲ. ಒಂದು ತೆಳು ಹತ್ತಿಯ ದಿಂಬು ಹಾಕಬಹುದು. ಕೂತಾಗ ಕುಸಿಯಬಾರದು, ಅಷ್ಟೇ. ಎಷ್ಟೋ ಕುರ್ಚಿಗಳ ಆಸನ ಹಿಂದಕ್ಕೆ ಇಳಿಜಾರಾಗಿರುತ್ತದೆ. ಒರಗಿ ಪೇಪರ್ ಓದಲು ಅದು ಹಿತ, ಗಿಟಾರಿಗೆ ಆಗದು.

ನಾಲ್ಕನೆಯದು, ಆಸನದ ಮುಂದಿನ ಅಂಚು ದುಂಡಗಿರಲಿ. ಚೂಪಾದ ಅಂಚು ತೊಡೆಗೆ ಒತ್ತುತ್ತದೆ.

ಐದನೆಯದು, ಕುರ್ಚಿ ಅಲುಗಬಾರದು, ತಿರುಗಬಾರದು, ಉರುಳಬಾರದು. ನಾಲ್ಕು ಕಾಲೂ ನೆಲಕ್ಕೆ ಊರಬೇಕು. ಟೈಲ್ಸ್ ನೆಲವಾದರೆ ಕಾಲಿಗೆ ರಬ್ಬರ್ ಬುಷ್ ಹಾಕಿಸಿ.

ಇನ್ನು ಒರಗು. ನುಡಿಸುವಾಗ ಆಸನದ ಮುಂದಿನ ಅರ್ಧದಲ್ಲಿ ಕೂರುವುದರಿಂದ ಬೆನ್ನಿಗೆ ಒರಗು ತಾಗುವುದಿಲ್ಲ. ಹಾಗಾದರೆ ಒರಗು ಬೇಡವೇ? ಬೇಕು, ದಣಿವಾರಿಸಿಕೊಳ್ಳಲು. ಒಂದು ಪಾಠ ಮುಗಿದಾಗ ಗಿಟಾರ್ ಪಕ್ಕಕ್ಕಿಟ್ಟು ಹಿಂದಕ್ಕೆ ಒರಗಿ ಎರಡು ನಿಮಿಷ ಉಸಿರಾಡಿ. ಮಕ್ಕಳಿಗೆ ಒರಗಿಲ್ಲದ ಸ್ಟೂಲು ನಡೆದೀತು. ವಯಸ್ಸಾದವರಿಗೆ ಒರಗಿರುವ ಕುರ್ಚಿಯೇ ಕ್ಷೇಮ.

ಮನೆಯಲ್ಲಿರುವುದನ್ನೇ ಒಮ್ಮೆ ನೋಡಿ. ಸೋಫಾ, ಆರಾಮ ಕುರ್ಚಿ, ಬೀನ್ ಬ್ಯಾಗು ಮೂರೂ ಬೇಡ. ಮಂಚದ ಅಂಚು ಮೊದಮೊದಲು ಹಿತವೆನಿಸುತ್ತದೆ, ಹಾಸಿಗೆ ಕುಸಿದಂತೆ ಒಂದೇ ಕಡೆಗೆ ವಾಲುತ್ತೀರಿ. ಕಂಪ್ಯೂಟರ್ ಮುಂದಿನ ಗಾಲಿಕುರ್ಚಿಯ ಎತ್ತರ ಹೆಚ್ಚುಕಡಿಮೆ ಮಾಡಬಹುದು, ನಿಜ. ಆದರೆ ಅದಕ್ಕೆ ಕೈಯಿದೆ, ಚಕ್ರವಿದೆ, ತಿರುಗುತ್ತದೆ. ಊಟದ ಮೇಜಿನ ಕೈಯಿಲ್ಲದ ಕುರ್ಚಿ ಬಹುತೇಕ ಮನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಕೊಂಡೇ ತರುವುದಾದರೆ, ಪಿಯಾನೊ ನುಡಿಸುವವರ ಬೆಂಚು ಮತ್ತು ಡ್ರಮ್ಸ್ ನುಡಿಸುವವರ ಗುಂಡು ಸ್ಟೂಲು ವಾದ್ಯದ ಅಂಗಡಿಯಲ್ಲಿ ಸಿಗುತ್ತವೆ. ಅವುಗಳ ಎತ್ತರವನ್ನು ತಿರುಪಿನಿಂದ ಏರಿಸಿ ಇಳಿಸಬಹುದು. ಬೆಳೆಯುವ ಮಗುವಿಗೂ ಬೆಳೆದ ಅಜ್ಜನಿಗೂ ಒಂದೇ ಸ್ಟೂಲು ಸಾಕಾಗುತ್ತದೆ. ಆದರೆ ಕೊಳ್ಳುವ ಮುನ್ನ ತಿರುಪು ಬಿಗಿಯಾಗಿ ನಿಲ್ಲುತ್ತದೆಯೇ ನೋಡಿ. ನಿಮ್ಮ ಗಿಟಾರನ್ನು ಅಂಗಡಿಗೇ ಕೊಂಡೊಯ್ದು, ಹತ್ತು ನಿಮಿಷ ಕೂತು ನುಡಿಸಿ. ಒಂದು ನಿಮಿಷ ಕೂತರೆ ಎಲ್ಲ ಕುರ್ಚಿಯೂ ಚೆನ್ನಾಗಿಯೇ ಇರುತ್ತದೆ!

ಒಂದು ಕಾಲು ಮೇಲೆ

ಗಿಟಾರ್ ನುಡಿಸುವವರು ಎಡಗಾಲನ್ನು ಪುಟ್ಟ ಕಾಲುಮಣೆಯ ಮೇಲಿಟ್ಟಿರುವ ಚಿತ್ರ ನೋಡಿದ್ದೀರಾ? ಅದಕ್ಕೊಂದು ಇತಿಹಾಸವಿದೆ. ಇನ್ನೂರು ವರ್ಷಗಳ ಹಿಂದೆ ಗಿಟಾರ್ ಈಗಿನದಕ್ಕಿಂತ ಸಣ್ಣದಿತ್ತು. ಅದನ್ನು ಹೇಗೆ ನಿಲ್ಲಿಸಿಕೊಳ್ಳುವುದೆಂದು ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದರು. ಸ್ಪೇನಿನ ಫರ್ನಾಂಡೊ ಸೋರ್ ಗಿಟಾರಿನ ಒಂದು ಬದಿಯನ್ನು ಮೇಜಿನ ಮೂಲೆಗೆ ಆನಿಸಿಕೊಳ್ಳುತ್ತಿದ್ದರು. ಅವರ ಗೆಳೆಯ ದಿಯೊನಿಸಿಯೊ ಅಗ್ವಾದೊ ಗಿಟಾರಿಗೆಂದೇ ಮೂರು ಕಾಲಿನ ಒಂದು ಸ್ಟ್ಯಾಂಡು ಮಾಡಿಸಿಕೊಂಡರು. ಮುಂದೆ ಆಂಟೋನಿಯೊ ದೆ ತೊರ್ರೆಸ್ ಎಂಬ ಬಡಗಿ ದೊಡ್ಡ ಒಡಲಿನ ಗಿಟಾರ್ ಮಾಡಿದರು. ಇಂದಿನ ನೈಲಾನ್ ತಂತಿಯ ಗಿಟಾರಿಗೆ ಅದೇ ಮಾದರಿ. ಆ ದೊಡ್ಡ ಗಿಟಾರನ್ನು ಎಡತೊಡೆಯ ಮೇಲಿಟ್ಟು, ಎಡಪಾದವನ್ನು ಕಾಲುಮಣೆಯ ಮೇಲಿಡುವ ಭಂಗಿಯನ್ನು ರೂಢಿಗೆ ತಂದವರಲ್ಲಿ ಫ್ರಾನ್ಸಿಸ್ಕೊ ತಾರ್ರೆಗಾ (1852–1909) ಮುಖ್ಯರು. ಆಂದ್ರೆಸ್ ಸೆಗೋವಿಯಾ (1893–1987) ಅದೇ ಭಂಗಿಯಲ್ಲಿ ಲೋಕವನ್ನೆಲ್ಲ ಸುತ್ತಿ ಕಛೇರಿ ಮಾಡಿದರು.

ಕಾಲುಮಣೆಯಿಂದ ಗಿಟಾರಿನ ಕತ್ತು ಮೇಲೇಳುತ್ತದೆ, ಎಡಗೈಗೆ ತಂತಿಗಳು ಹತ್ತಿರವಾಗುತ್ತವೆ. ಅದರ ಎತ್ತರ ಸಾಮಾನ್ಯವಾಗಿ 5ರಿಂದ 7 ಇಂಚು, ಮಕ್ಕಳಿಗೆ ಅದಕ್ಕಿಂತ ಕಡಿಮೆ ಸಾಕು. ಆದರೆ ಬಹಳ ಹೊತ್ತು ಒಂದೇ ಕಾಲು ಮೇಲಿದ್ದರೆ ಸೊಂಟ ಒಂದು ಕಡೆಗೆ ತಿರುಚುತ್ತದೆ. ಅದಕ್ಕೇ ಈಗ ಅನೇಕರು ಎರಡೂ ಪಾದ ನೆಲದ ಮೇಲಿಟ್ಟು, ಎಡತೊಡೆಗೂ ಗಿಟಾರಿಗೂ ನಡುವೆ ದಿಂಬನ್ನೋ ಆಸರೆಯ ಚೌಕಟ್ಟನ್ನೋ ಇಟ್ಟುಕೊಳ್ಳುತ್ತಾರೆ. ಉಕ್ಕಿನ ತಂತಿಯ ಗಿಟಾರನ್ನು ಸಾಮಾನ್ಯವಾಗಿ ಬಲತೊಡೆಯ ಮೇಲಿಡುತ್ತಾರೆ. ಅದಕ್ಕೆ ಹೆಗಲಪಟ್ಟಿ ಇದ್ದರೆ ಕೂತಾಗಲೂ ಹಾಕಿಕೊಳ್ಳಿ, ಕೈಗೆ ಭಾರವಿರುವುದಿಲ್ಲ. ಎಡಚರು ಇದನ್ನೆಲ್ಲ ಎಡಬಲ ಅದಲುಬದಲು ಮಾಡಿ ಓದಿಕೊಳ್ಳಬೇಕು.

ಅಜ್ಜ ಅಜ್ಜಿಯರಿಗೆ

ಬೆಳಗಿನ ತರಗತಿಯಲ್ಲಿ ನನಗೆ ಬೇರೆಯೇ ಪಾಠ. ಅಲ್ಲಿಯವರಿಗೆ ಕಾಲು ನೆಲಕ್ಕೆ ಎಟುಕುತ್ತದೆ. ಕೂತಮೇಲೆ ಏಳುವುದು ಕಷ್ಟ. ಮಂಡಿನೋವಿರುವ ಒಬ್ಬ ಅಜ್ಜಿ, “ಮೇಷ್ಟ್ರೇ, ನುಡಿಸೋದು ಹೇಗೋ ಆಗತ್ತೆ, ಏಳೋದೇ ಒಂದು ಕಛೇರಿ” ಎನ್ನುತ್ತಾರೆ.

ಮಂಡಿನೋವಿರುವವರು ಆಸನವನ್ನು ಒಂದೆರಡು ಇಂಚು ಹೆಚ್ಚಿಸಿಕೊಳ್ಳಬಹುದು. ಎತ್ತರದ ಆಸನದಿಂದ ಏಳುವುದು ಸುಲಭ. ಆಗಲೂ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಕುರ್ಚಿಗೆ ಕೈಯಿಲ್ಲವಾದ್ದರಿಂದ ಏಳುವಾಗ ಹಿಡಿಯಲು ಪಕ್ಕದಲ್ಲಿ ಗಟ್ಟಿಯಾದ ಮೇಜಿರಲಿ. ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿಡಿ, ಹಿಂದೆ ಸರಿಯುವುದಿಲ್ಲ. ಗಿಟಾರನ್ನು ಮೊದಲು ಸ್ಟ್ಯಾಂಡಿಗೋ ಮೊಮ್ಮಕ್ಕಳ ಕೈಗೋ ಕೊಟ್ಟು, ಆಮೇಲೆ ಏಳಿ. ವಾದ್ಯ ಹಿಡಿದುಕೊಂಡು ಏಳಲು ಹೋಗಬೇಡಿ.

ಸೊಂಟನೋವು, ಸಯಾಟಿಕಾ ಇರುವವರಿಗೆ ಒಂದು ಕಾಲು ಮೇಲಿಡುವ ಭಂಗಿ ಒಗ್ಗದೆ ಹೋಗಬಹುದು. ಅಂಥವರಿಗೆ ತೊಡೆಯ ಮೇಲಿನ ದಿಂಬು ಅಥವಾ ಹೆಗಲಪಟ್ಟಿ ವಾಸಿ. ಮಂಡಿ, ಸೊಂಟದ ಆಪರೇಷನ್ ಆದವರು ಕುರ್ಚಿಯ ಎತ್ತರ ಎಷ್ಟಿರಬೇಕೆಂದು ತಮ್ಮ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಯೇ ಕೂರಬೇಕು. ಕನ್ನಡಕದ ವಿಷಯವನ್ನೂ ಮರೆಯಬೇಡಿ. ಪುಸ್ತಕ ದೂರವಿದ್ದರೆ ಎಷ್ಟೇ ಒಳ್ಳೆಯ ಕುರ್ಚಿಯಿದ್ದರೂ ಕತ್ತು ಮುಂದೆ ಚಾಚುತ್ತದೆ. ಪುಸ್ತಕದ ಸ್ಟ್ಯಾಂಡನ್ನು ಹತ್ತಿರಕ್ಕೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಟ್ಟುಕೊಳ್ಳಿ.

ಅಪ್ಪ ಕತ್ತರಿಸಿದ ಕುರ್ಚಿ

ಕುರ್ಚಿಯ ಕಾಲು ಕತ್ತರಿಸಿದ ಕಥೆಯೊಂದನ್ನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಕೆನಡಾದ ಗ್ಲೆನ್ ಗೌಲ್ಡ್ (1932–1982) ಇಪ್ಪತ್ತನೇ ಶತಮಾನದ ದೊಡ್ಡ ಪಿಯಾನೊ ವಾದಕರಲ್ಲಿ ಒಬ್ಬರು. ಅವರಿಗೆ ಬಹಳ ತಗ್ಗಿನಲ್ಲಿ ಕೂತು ನುಡಿಸುವುದು ಇಷ್ಟ. ಪಿಯಾನೊ ಬೆಂಚು ಅಷ್ಟು ತಗ್ಗುವುದಿಲ್ಲ. 1953ರಲ್ಲಿ ಅವರ ತಂದೆ ಒಂದು ಮಡಚುವ ಕುರ್ಚಿಯ ಕಾಲುಗಳನ್ನು ಸುಮಾರು 4 ಇಂಚು ಕತ್ತರಿಸಿ, ಪ್ರತಿ ಕಾಲಿಗೂ ತಿರುಪು ಕೂಡಿಸಿ, ಬೇಕಾದಷ್ಟು ಏರಿಳಿಸುವಂತೆ ಮಾಡಿಕೊಟ್ಟರು. ಆಸನ ನೆಲದಿಂದ 14 ಇಂಚು. ಗೌಲ್ಡ್ ಆಮೇಲೆ ಎಲ್ಲಿ ಹೋದರೂ ಆ ಕುರ್ಚಿಯನ್ನು ಹೊತ್ತೊಯ್ದರು. ಆಸನದ ಹಾಸು ಹರಿದು ಬರೀ ಚೌಕಟ್ಟು ಉಳಿದಮೇಲೂ ಬಿಡಲಿಲ್ಲ. ಅವರ ಧ್ವನಿಮುದ್ರಿಕೆಗಳಲ್ಲಿ ಸಂಗೀತದ ನಡುವೆ ಕುರ್ಚಿಯ ಕಿರಕಿರ ಸದ್ದೂ ಕೇಳುತ್ತದೆ.

ಆ ಎತ್ತರ ಗೌಲ್ಡ್‌ಗೆ ಸರಿ. ಪಕ್ಕದ ಮನೆಯವರಿಗೆ ಸರಿಯೆಂದಲ್ಲ. ಆದ್ದರಿಂದಲೇ ‘ಗಿಟಾರಿಗೆ ಯಾವ ಕಂಪನಿಯ ಕುರ್ಚಿ ಒಳ್ಳೆಯದು?’ ಎಂದು ಯಾರಾದರೂ ಕೇಳಿದರೆ, ‘ಮೊದಲು ಕಾಲು ಅಳೆಯಿರಿ’ ಎನ್ನುತ್ತೇನೆ. ಗೌಲ್ಡ್ ಆಗಲೇ ಬೆಳೆದು ನಿಂತ ಯುವಕ, ಅವರ ಅಪ್ಪ ಕುರ್ಚಿ ಕತ್ತರಿಸಬಹುದಿತ್ತು. ಶಾಲೆಗೆ ಹೋಗುವ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆಂಟಿಮೀಟರ್ ಎತ್ತರವಾಗುತ್ತಾರೆ. ಅವರ ಕುರ್ಚಿಗೆ ಗರಗಸ ಹಾಕಬೇಡಿ. ಕಾಲಡಿಯ ಹಲಗೆಯನ್ನು ಪ್ರತಿ ಆರು ತಿಂಗಳಿಗೊಮ್ಮೆ ಅಳೆದು ತಗ್ಗಿಸುತ್ತಾ ಬನ್ನಿ.

ಮನೆಯಲ್ಲೇ ಐದು ಪರೀಕ್ಷೆ

ಇವತ್ತು ಸಂಜೆ ಒಬ್ಬರು ಕೂರಲಿ, ಇನ್ನೊಬ್ಬರು ಪರೀಕ್ಷೆ ಮಾಡಲಿ. ಆಮೇಲೆ ಜಾಗ ಬದಲಿಸಿ.

1. ಅಂಗಾಲು: ಎರಡೂ ಅಂಗಾಲು, ಹಿಮ್ಮಡಿ ಸಮೇತ, ನೆಲಕ್ಕೆ ಅಥವಾ ಹಲಗೆಗೆ ತಾಗಿದೆಯೇ? ತುದಿಬೆರಳು ಮಾತ್ರ ತಾಗಿದರೆ ಆಸನ ಎತ್ತರವಾಯಿತು.

2. ಕಾಗದ: ಮೊಣಕಾಲ ಹತ್ತಿರ, ತೊಡೆಗೂ ಆಸನದ ಅಂಚಿಗೂ ನಡುವೆ ಒಂದು ಪೋಸ್ಟ್ ಕಾರ್ಡ್ ತೂರಿಸಿ. ಸಲೀಸಾಗಿ ಹೋಗಬೇಕು. ಸಿಕ್ಕಿಕೊಂಡರೆ ಅಂಚು ಒತ್ತುತ್ತಿದೆ ಎಂದರ್ಥ.

3. ಮೊಣಕೈ: ಗಿಟಾರ್ ಹಿಡಿದು ಎರಡೂ ಮೊಣಕೈಯನ್ನು ಹಕ್ಕಿ ರೆಕ್ಕೆ ಬಡಿದಂತೆ ಆಡಿಸಿ. ಕುರ್ಚಿಗೆ ಎಲ್ಲೂ ತಾಗಬಾರದು.

4. ಕೈಬಿಡುವುದು: ಎಡಗೈಯನ್ನು ಗಿಟಾರಿನ ಕತ್ತಿನಿಂದ ತೆಗೆದು ಪಕ್ಕಕ್ಕೆ ಇಳಿಬಿಡಿ. ಗಿಟಾರ್ ಇದ್ದಲ್ಲೇ ಇರಬೇಕು. ಇನ್ನೊಬ್ಬರು ಹಿಡಿಯಲು ಸಿದ್ಧವಾಗಿ ನಿಂತಿರಿ!

5. ಏಳುವುದು: ಗಿಟಾರ್ ಪಕ್ಕಕ್ಕಿಟ್ಟು ಮೇಲೇಳಿ. ಕುರ್ಚಿ ಹಿಂದೆ ಜಾರಿತೇ? ತೂಗಾಡಿತೇ? ಹಾಗಾದರೆ ಆ ಕುರ್ಚಿ ರಿಪೇರಿಗೆ ಹೋಗಲಿ.

ಐದರಲ್ಲೂ ಪಾಸಾದರೂ ಒಂದು ಮಾತು. ಎಷ್ಟೇ ಒಳ್ಳೆಯ ಕುರ್ಚಿಯಲ್ಲೂ ಒಂದೇ ಸಮನೆ ಒಂದು ಗಂಟೆ ಕೂರಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು, ಭುಜ ತಿರುಗಿಸಿ, ಒಂದು ಲೋಟ ನೀರು ಕುಡಿದು ಬನ್ನಿ. ಬೆರಳ ತುದಿ ಉರಿಯುವುದು ಕಲಿಯುವವರಿಗೆಲ್ಲ ಇದ್ದದ್ದೇ. ಆದರೆ ಬೆರಳು ಮರಗಟ್ಟಿದರೆ, ತೋಳಿನಲ್ಲಿ ಚುಳುಕು ಹೊಡೆದರೆ, ಒಂದೆರಡು ದಿನ ಬಿಡುವು ಕೊಟ್ಟರೂ ನೋವು ಹೋಗದಿದ್ದರೆ ಕುರ್ಚಿ ಬದಲಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಹಿರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ಮಗು ‘ನೋಯುತ್ತೆ’ ಎಂದಾಗ ಸೋಮಾರಿತನ ಎನ್ನುವ ಮೊದಲು ಒಂದು ಸಲ ಬಗ್ಗಿ, ಅದರ ಕಾಲು ನೆಲಕ್ಕೆ ತಾಗಿದೆಯೇ ನೋಡಿ. ಗಿಟಾರಿಗೆ ಮಾತ್ರವಲ್ಲ, ಹೋಂವರ್ಕ್ ಬರೆಯುವ ಮೇಜಿಗೂ ಇದೇ ಮಾತು. ಮಕ್ಕಳೇ, ನಿಮಗೂ ಒಂದು ಕೆಲಸ: ಟೇಪು ಹುಡುಕಿ ತನ್ನಿ, ಅಜ್ಜ ಅಜ್ಜಿಯ ಕಾಲನ್ನೂ ಅಳೆಯಿರಿ. ಅವರ ಕುರ್ಚಿಯೂ ಅವರಿಗೆ ಸರಿಯಾಗಿದೆಯೇ ಎಂದು ಕೇಳಿದವರು ಈವರೆಗೆ ಯಾರೂ ಇರಲಿಕ್ಕಿಲ್ಲ.